ರಿಪೋರ್ಟ್ ನಾರ್ಮಲ್, ಒಲೆ ಮೇಲೆ ಹಾಲು

ಮೇ 10 ವಿಶ್ವ ಲೂಪಸ್ ದಿನ. ಇಂಥ ದಿನಗಳಿಗೆ ನಮ್ಮ ನ್ಯೂಸ್‌ ರೂಮಿನಲ್ಲಿ ಒಂದು ಲೆಕ್ಕ ಇದೆ. ಬೆಳಗಿನ ಬುಲೆಟಿನ್‌ನಲ್ಲಿ ತೊಂಬತ್ತು ಸೆಕೆಂಡ್, ಒಂದು ಗ್ರಾಫಿಕ್ಸ್ ಪ್ಲೇಟ್, ಒಬ್ಬ ಡಾಕ್ಟರ ಬೈಟ್. ಮುಗೀತು. ಆ ದಿನ ನಾನು ಓದಿದ್ದೂ ಅಷ್ಟೇ. ಕೊನೆಯ ಸಾಲು ಮಾತ್ರ ನಾನೇ ಬರೆದದ್ದು: ‘ಲೂಪಸ್ ರೋಗಿಗಳು ಮರೆವು ಅಂತ ದೂರುತ್ತಾರೆ, ಆದರೆ ಪರೀಕ್ಷೆ ಮಾಡಿದರೆ ಅದು ಕಾಣುವುದಿಲ್ಲ.’ ಕೇಳೋಕೆ ಪಂಚ್ ಇತ್ತು. ಕೆಳಗಡೆ ಸ್ಕ್ರೋಲ್ ಕೂಡ ಓಡಿತು.

ಮಧ್ಯಾಹ್ನ ಆಫೀಸಿನ ಲ್ಯಾಂಡ್‌ಲೈನ್‌ಗೆ ಒಂದು ಕಾಲ್ ಬಂತು. ಆ ಕಡೆಯ ಹೆಣ್ಣುಮಗಳು ಸಿಟ್ಟಲ್ಲಿದ್ದರು, ಆದರೆ ಕೂಗಾಡಲಿಲ್ಲ. ಒಂದೊಂದೇ ಪದವನ್ನ ಹುಡುಕಿ ಹುಡುಕಿ ಇಡ್ತಿದ್ದರು.

‘ಮೇಡಂ, ನೀವು ಬೆಳಿಗ್ಗೆ ಹೇಳಿದ್ದನ್ನ ನಮ್ಮತ್ತೆ ಕೇಳಿಸ್ಕೊಂಡ್ರು. ಸೌಂಡ್ ಜಾಸ್ತಿ ಮಾಡಿ ನನ್ನೂ ಕರೆದು ತೋರಿಸಿದ್ರು. ನೋಡು, ಟಿವಿಯವರೇ ಹೇಳ್ತಾವ್ರೆ, ನಿಂದೆಲ್ಲಾ ನಾಟಕ ಅಂತ.’

ಅವರಿಗೆ ಆರು ವರ್ಷದಿಂದ ಲೂಪಸ್. ಒಂದು ಸಹಕಾರ ಸಂಘದಲ್ಲಿ ಕ್ಯಾಶಿಯರ್. ಮೊದಲು ನೋಟಿನ ಕಟ್ಟು ಎಣಿಸುತ್ತಲೇ ಪಕ್ಕದವರ ಜೊತೆ ಮಾತಾಡ್ತಿದ್ದವರು, ಈಗ ಒಂದೇ ಕಟ್ಟನ್ನ ಮೂರು ಸಲ ಎಣಿಸ್ತಾರೆ. ಜರಡಿ ಬೇಕು ಅಂತ ಗೊತ್ತು, ಜರಡಿ ಅನ್ನೋ ಪದ ಬಾಯಿಗೆ ಬರಲ್ಲ. ‘ಅದು, ಅದು’ ಅಂತ ಕೈ ಅಲ್ಲಾಡಿಸ್ತಾರೆ. ಒಲೆ ಮೇಲೆ ಹಾಲಿಟ್ಟು ಎದುರಿಗೇ ನಿಂತಿರ್ತಾರೆ, ಹಾಲು ಉಕ್ಕಿ ಹರಿಯುತ್ತೆ. ಹಿಂದಿನ ತಿಂಗಳು ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಹೋಗಿ ಜ್ಞಾಪಕಶಕ್ತಿಯ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದರು. ರಿಪೋರ್ಟ್‌ನಲ್ಲಿ ಬಂದದ್ದು ಒಂದೇ ಪದ, ನಾರ್ಮಲ್. ಅಲ್ಲಿಂದ ಆ ಕಾಗದ ಮನೆಯಲ್ಲಿ ಸಾಕ್ಷಿಯಾಗಿಬಿಟ್ಟಿದೆ, ಅವರ ವಿರುದ್ಧದ ಸಾಕ್ಷಿ. ಅದರ ಮೇಲೆ ನಾನು ಟಿವಿಯಲ್ಲಿ ಕೂತು ಸೀಲ್ ಹೊಡೆದೆ.

ಕ್ಷಮೆ ಕೇಳಿದೆ. ಆದರೆ ನಾನು ಹೇಳಿದ್ದರಲ್ಲಿ ತಪ್ಪೇನು ಅಂತ ಆ ಕ್ಷಣಕ್ಕೆ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ. ತಪ್ಪು ಒಂದಲ್ಲ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಲೂಪಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಪೂರ್ತಿ ಹೆಸರು ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್, ಡಾಕ್ಟರುಗಳು ಎಸ್ಎಲ್ಇ ಅಂತಾರೆ. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಮಿದುಳು, ಯಾವುದನ್ನೂ ಬಿಡಲ್ಲ. ಹತ್ತು ಜನ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ದುಡಿಯುವ, ಮಕ್ಕಳನ್ನ ಹೆರುವ ವಯಸ್ಸಿನವರು. ಹೈಡ್ರಾಕ್ಸಿಕ್ಲೋರೋಕ್ವಿನ್ ನೆನಪಿದೆಯಾ? 2020ರ ಮಾರ್ಚ್‌ನಲ್ಲಿ ಕೊರೊನಾಗೆ ಇದೇ ಮದ್ದು ಅಂತ ನಾವು ಆಂಕರ್‌ಗಳೆಲ್ಲಾ ಕೂಗಿದ್ದೇ ಕೂಗಿದ್ದು. ಅದು ಲೂಪಸ್ ರೋಗಿಗಳ ದಿನನಿತ್ಯದ ಮಾತ್ರೆ. ನಮ್ಮ ಕೂಗು ಕೇಳಿ ಜನ ಮೆಡಿಕಲ್ ಶಾಪ್‌ಗೆ ಮುಗಿಬಿದ್ದಾಗ, ವರ್ಷಗಳಿಂದ ಅದನ್ನೇ ನುಂಗಿಕೊಂಡು ಬದುಕಿದ್ದವರು ಚೀಟಿ ಹಿಡಿದು ಅಂಗಡಿ ಅಂಗಡಿ ಅಲೆದರು. ಆ ಮಾತು ಇರಲಿ.

ಈ ಮರೆವಿಗೆ ರೋಗಿಗಳೇ ಇಟ್ಟಿರುವ ಹೆಸರು ಲೂಪಸ್ ಫಾಗ್. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ರಸ್ತೆ ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ, ಆದರೆ ನಿಮಗೆ ಕಾಣಲ್ಲ. ನಿಧಾನಕ್ಕೆ ಹೋಗಬೇಕು, ಎರಡು ಪಟ್ಟು ಗಮನ ಬೇಕು, ಘಾಟಿ ಇಳಿಯೋ ಹೊತ್ತಿಗೆ ಸುಸ್ತಾಗಿರ್ತೀರಿ. ಇದು ರೋಗಿಗಳು ಕಟ್ಟಿದ ಕಥೆಯಲ್ಲ. 1999ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಲೂಪಸ್‌ನಿಂದ ನರಮಂಡಲಕ್ಕೆ ಆಗುವ ತೊಂದರೆಗಳ ಪಟ್ಟಿಯೊಂದನ್ನ ಮಾಡಿತು. ಒಟ್ಟು 19. ಅದರಲ್ಲಿ ಫಿಟ್ಸ್ ಇದೆ, ತಲೆನೋವು ಇದೆ, ಆತಂಕ ಇದೆ, ಖಿನ್ನತೆಯಂಥ ಮನಸ್ಥಿತಿಯ ಏರುಪೇರು ಇದೆ. ನೆನಪು, ಗಮನ, ಯೋಚನೆಯ ವೇಗ ಕುಗ್ಗುವುದೂ ಇದೆ.

ಕುಗ್ಗಿದೆ ಅಂತ ಗೊತ್ತಾಗೋದು ಹೇಗೆ? ಎರಡು ದಾರಿ.

ಒಂದು, ರೋಗಿಯನ್ನೇ ಕೇಳೋದು. ಒಂದು ಪ್ರಶ್ನಾವಳಿ ಕೊಡ್ತಾರೆ. ಮಾತಾಡುವಾಗ ಪದ ಸಿಗಲ್ವಾ, ಇಟ್ಟ ವಸ್ತು ಮರೆಯುತ್ತಾ, ಹೊರಟ ಕೆಲಸ ಯಾವುದು ಅಂತ ನಡುವೆ ಮರೆತುಹೋಗುತ್ತಾ, ಇಂಥವು. ಎಂದಾದರೂ, ಆಗಾಗ, ಯಾವಾಗಲೂ ಅಂತ ಟಿಕ್ ಹಾಕಬೇಕು.

ಎರಡು, ಅಳೆಯೋದು. ಹದಿನೈದು ಪದ ಓದಿ ಹೇಳ್ತಾರೆ, ತಿರುಗಿ ಒಪ್ಪಿಸಬೇಕು. ಬೇರೆ ಏನೇನೋ ಮಾಡಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪದ ಕೇಳ್ತಾರೆ. ಅಂಕಿಗಳನ್ನ ಹಿಂದುಮುಂದಾಗಿ ಹೇಳಿಸ್ತಾರೆ. ‘ಕೆಂಪು’ ಅನ್ನೋ ಪದವನ್ನ ಹಸಿರು ಬಣ್ಣದಲ್ಲಿ ಬರೆದು, ಪದ ಓದಬೇಡಿ, ಬಣ್ಣ ಹೇಳಿ ಅಂತಾರೆ. ಮನೆಯಲ್ಲಿ ಒಂದು ಹಾಳೆ ತಗೊಂಡು ಮಾಡಿ ನೋಡಿ, ನಾಲಿಗೆ ತಡವರಿಸದಿದ್ದರೆ ಕೇಳಿ. ಲೂಪಸ್ ರೋಗಿಗಳಿಗೆ ಅಂತಲೇ ಸುಮಾರು ಒಂದು ಗಂಟೆಯ ಇಂಥ ಪರೀಕ್ಷೆಗಳ ಗುಚ್ಛ ಇದೆ. ಕಂಪ್ಯೂಟರ್ ಮೇಲೆ ಮಾಡುವ ಅನಾಮ್ ಅನ್ನೋ ಪರೀಕ್ಷೆಯೂ ಇದೆ. ಅದು ಅಮೆರಿಕದ ಸೇನೆಯವರು ಸೈನಿಕರಿಗಾಗಿ ಮಾಡಿಕೊಂಡಿದ್ದು.

ಈಗ ವಿಚಾರಕ್ಕೆ ಬರೋಣ. ಎರಡು ದಾರಿಯೂ ಒಂದೇ ಊರಿಗೆ ಹೋಗಬೇಕಲ್ವಾ? ಹೋಗಲ್ಲ! 2012ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಸಂಶೋಧಕರು ಇಂಥ ಒಂದು ಪ್ರಶ್ನಾವಳಿಯನ್ನೂ ಈ ಅನಾಮ್ ಪರೀಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರಶ್ನಾವಳಿಯಲ್ಲಿ ಹೆಚ್ಚು ತೊಂದರೆ ಹೇಳಿಕೊಂಡವರೇ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಅಂತೇನೂ ಇರಲಿಲ್ಲ. ರೋಗಿ ಹೇಳಿಕೊಂಡ ತೊಂದರೆ ತಾಳೆಯಾಗಿದ್ದು ಅವರ ಆತಂಕ ಮತ್ತು ಖಿನ್ನತೆಯ ಜೊತೆಗೆ. ಬೇರೆ ಕಡೆಯ ಅಧ್ಯಯನಗಳಲ್ಲೂ ಹೆಚ್ಚುಕಮ್ಮಿ ಇದೇ ಕಥೆ.

ಇದನ್ನ ಓದಿಯೇ ನಾನು ‘ಪರೀಕ್ಷೆಯಲ್ಲಿ ಕಾಣುವುದಿಲ್ಲ’ ಅಂತ ಬರೆದದ್ದು. ಅಲ್ಲೇ ಎಡವಿದ್ದು. ಎರಡು ಅಳತೆ ತಾಳೆಯಾಗಲ್ಲ ಅನ್ನೋದಕ್ಕೂ ಒಂದು ಅಳತೆ ಸುಳ್ಳು ಅನ್ನೋದಕ್ಕೂ ಅಜಗಜಾಂತರ. ಅದೂ ಅಲ್ಲದೆ, ಪರೀಕ್ಷೆಯಲ್ಲಿ ಕಾಣೋದೇ ಇಲ್ಲ ಅನ್ನೋದು ಶುದ್ಧ ತಪ್ಪು. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಲವು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿತು. ಅಳೆದು ನೋಡಿದ ಲೂಪಸ್ ರೋಗಿಗಳಲ್ಲಿ ಶೇಕಡಾ 38ರಷ್ಟು ಮಂದಿಗೆ ಕೊರತೆ ಸಿಕ್ಕಿತ್ತು. ನೂರಕ್ಕೆ ಮೂವತ್ತೆಂಟು ಸಣ್ಣ ಸಂಖ್ಯೆಯಲ್ಲ. ಕೆಲವರು ಏನೂ ತೊಂದರೆ ಹೇಳಿಕೊಳ್ಳಲ್ಲ, ಪರೀಕ್ಷೆಯಲ್ಲಿ ಮಾತ್ರ ಎದ್ದು ಕಾಣುತ್ತೆ. ನನ್ನ ಕೇಳಿದರೆ ಅವರದ್ದೇ ಹೆಚ್ಚು ಅಪಾಯ. ಲೂಪಸ್ ಜೊತೆ ರಕ್ತ ಹೆಪ್ಪುಗಟ್ಟುವ ಸಮಸ್ಯೆಯೂ ಇರುವ ಕೆಲವರು ವಾರ್ಫರಿನ್ ನುಂಗ್ತಿರ್ತಾರೆ. ಆ ಮಾತ್ರೆ ಒಂದು ದಿನ ಬಿಟ್ಟರೂ ಕಷ್ಟ, ನುಂಗಿದ್ದು ಮರೆತು ಇನ್ನೊಂದು ನುಂಗಿದರೂ ಕಷ್ಟ.

ಸರಿ, ಆ ಕ್ಯಾಶಿಯರ್ ವಿಷಯಕ್ಕೆ ಬನ್ನಿ. ಅವರಿಗೆ ಮನೆಯಲ್ಲಿ ಹಾಲು ಉಕ್ಕುತ್ತೆ, ಆಸ್ಪತ್ರೆಯಲ್ಲಿ ನಾರ್ಮಲ್. ಎರಡೂ ನಿಜ ಆಗೋದು ಹೇಗೆ?

ನಾನು ಓದಿದ್ದು ಎಂಜಿನಿಯರಿಂಗ್. ಮರೆತಿರೋದೇ ಜಾಸ್ತಿ, ಆದರೆ ಲ್ಯಾಬ್‌ನ ಒಂದು ಪಾಠ ಮರೆತಿಲ್ಲ. ಹಳೇ ಗಾಡಿಯ ಬ್ಯಾಟರಿಗೆ ಮೀಟರ್ ಇಟ್ಟರೆ ಹನ್ನೆರಡು ವೋಲ್ಟ್ ತೋರಿಸುತ್ತೆ. ಮೀಟರ್ ಪ್ರಕಾರ ಬ್ಯಾಟರಿ ಚೆನ್ನಾಗಿದೆ. ಕೀ ತಿರುಗಿಸಿ, ಗಾಡಿ ಸ್ಟಾರ್ಟ್ ಆಗಲ್ಲ! ಸೆಲ್ಫ್ ಮೋಟರ್ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ದಬ್ಬನೆ ಕುಸಿಯುತ್ತೆ. ಮೀಟರ್ ಸುಳ್ಳು ಹೇಳಲಿಲ್ಲ. ಲೋಡ್ ಇಲ್ಲದೆ ಅಳೆದಿದ್ದು ನಾವು. ಅದಕ್ಕೇ ಬ್ಯಾಟರಿ ಅಂಗಡಿಯವನು ಲೋಡ್ ಹಾಕಿ ಚೆಕ್ ಮಾಡೋದು.

ಪರೀಕ್ಷೆಯ ಕೋಣೆ ಹೇಗಿರುತ್ತೆ? ಸದ್ದಿಲ್ಲ. ಫೋನ್ ಆಫ್. ಎದುರಿಗೆ ಒಬ್ಬರೇ. ಒಂದು ಸಲಕ್ಕೆ ಒಂದೇ ಕೆಲಸ. ಗಂಟೆಯೊಳಗೆ ಮುಗಿಯುತ್ತೆ, ಅಷ್ಟು ಹೊತ್ತು ಹಲ್ಲು ಕಚ್ಚಿ ಯಾರು ಬೇಕಾದರೂ ಗಮನ ಇಡಬಹುದು. ಸಂಘದ ಕೌಂಟರ್ ಹಾಗಿರುತ್ತಾ? ಕಿಟಕಿಯ ಆಚೆ ಹತ್ತು ಜನ, ‘ಬೇಗ ಮಾಡ್ರೀ ಅಕ್ಕಾ’ ಅನ್ನೋರು, ಒಳಗಿಂದ ಕಾರ್ಯದರ್ಶಿ ಕೂಗು, ಬೆರಳಿನ ಕೀಲುಗಳಲ್ಲಿ ನೋವು, ಹಿಂದಿನ ರಾತ್ರಿ ನಿದ್ದೆ ಇಲ್ಲ. ಅದು ಲೋಡ್. ಅಲ್ಲಿ ಕುಸಿಯೋದನ್ನ ಇಲ್ಲಿ ಅಳೆಯೋಕೆ ಆಗಲ್ಲ.

ಇನ್ನೊಂದು ಸಂಗತಿ ನನಗೆ ಲೆಕ್ಕ ಹಾಕಿದ ಮೇಲೇ ಹೊಳೆದದ್ದು. ನಾರ್ಮಲ್ ಅಂದರೆ ಏನು? ನಿಮ್ಮಂಥವರ ಸರಾಸರಿಗೆ ಹತ್ತಿರ ಇದ್ದೀರಿ ಅಂತ ಅಷ್ಟೇ. ಉದಾಹರಣೆಗೆ, ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರ ಸರಾಸರಿ 60 ಅಂಕ ಅಂತ ಇಟ್ಕೊಳ್ಳಿ, ಸ್ಟ್ಯಾಂಡರ್ಡ್ ಡೀವಿಯೇಷನ್ 10. ಅದರ ಒಂದೂವರೆ ಪಟ್ಟು ಕೆಳಗೆ ಬಂದರೆ ಕೊರತೆ ಅಂತ ಗೆರೆ ಎಳೆದರೆ, 45ಕ್ಕಿಂತ ಕಮ್ಮಿ ಬಂದವರು ಮಾತ್ರ ಸಿಕ್ಕಿಹಾಕಿಕೊಳ್ತಾರೆ. ನಮ್ಮ ಕ್ಯಾಶಿಯರ್ ಕಾಯಿಲೆಗೆ ಮುಂಚೆ 85 ತೆಗೆಯುವ ಚುರುಕಿನವರು, ಈಗ 62ಕ್ಕೆ ಇಳಿದಿದ್ದಾರೆ ಅನ್ನಿ. ಇಪ್ಪತ್ತಮೂರು ಅಂಕ ಕಳಕೊಂಡರು. ರಿಪೋರ್ಟ್ ಏನನ್ನುತ್ತೆ? ನಾರ್ಮಲ್, ಸರಾಸರಿಗಿಂತ ಎರಡು ಅಂಕ ಮೇಲೆ. ಕಳಕೊಂಡದ್ದು ಗೊತ್ತಿರೋದು ಕಳಕೊಂಡವರಿಗೆ ಮಾತ್ರ.

ತಮಾಷೆ ನೋಡಿ, 1999ರ ಆ ಪಟ್ಟಿಯ ವ್ಯಾಖ್ಯೆಯಲ್ಲೇ ‘ಮೊದಲಿದ್ದ ಮಟ್ಟದಿಂದ ಇಳಿದಿರಬೇಕು’ ಅನ್ನೋ ಅರ್ಥದ ಮಾತಿದೆ. ಮೊದಲಿದ್ದ ಮಟ್ಟ ಎಷ್ಟು ಅಂತ ಯಾರ ಹತ್ತಿರ ದಾಖಲೆ ಇದೆ? ಕಾಯಿಲೆ ಬರೋಕೆ ಮುಂಚೆ ಯಾರು ಹೋಗಿ ಜ್ಞಾಪಕಶಕ್ತಿ ಅಳೆಸಿಕೊಳ್ತಾರೆ? ಗೆರೆಯೂ ಎಲ್ಲಾ ಕಡೆ ಒಂದೇ ಅಲ್ಲ. ಎರಡು ಪಟ್ಟು ಕೆಳಗೆ ಅಂತ ಎಳೆದರೆ 40 ಆಗುತ್ತೆ. ಆಗ 43 ಬಂದವರು ಒಂದು ಅಧ್ಯಯನದಲ್ಲಿ ರೋಗಿ, ಇನ್ನೊಂದರಲ್ಲಿ ಆರೋಗ್ಯವಂತರು. ಎಷ್ಟು ಶೇಕಡಾ ಅಂತ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಅಂಕಿ ಕೊಡೋದಕ್ಕೆ ಇದೂ ಒಂದು ಕಾರಣ.

ಉಲ್ಟಾ ತಪ್ಪೂ ಆಗುತ್ತೆ. ಶಾಲೆ ಮೆಟ್ಟಿಲೇ ಹತ್ತದ ಹೆಂಗಸಿಗೆ ಕಾಲೇಜು ಓದಿದವರ ಅಳತೆಗೋಲು ಇಟ್ಟರೆ ಇಲ್ಲದ ಕೊರತೆ ಕಾಣುತ್ತೆ. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷಿನ ಎಫ್ ಅಕ್ಷರದಿಂದ ಪದ ಹೇಳಿ ಅಂದರೆ ಎಲ್ಲಿಂದ ಹೇಳ್ತಾರೆ? ಈ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಳ್ಳೇ ಕೆಲಸ ಮಾಡಿದೆ. 2004ರಲ್ಲಿ ಬಂದ ಅವರ ಪರೀಕ್ಷಾ ಗುಚ್ಛದಲ್ಲಿ ಇಲ್ಲಿನ ಜನರನ್ನೇ ಅಳೆದು ವಯಸ್ಸು, ಲಿಂಗ, ಓದಿಗೆ ತಕ್ಕಂತೆ ಬೇರೆ ಬೇರೆ ಸರಾಸರಿ ಕೊಟ್ಟಿದ್ದಾರೆ. ಓದದವರಿಗೂ ಅದರಲ್ಲಿ ಪ್ರತ್ಯೇಕ ಲೆಕ್ಕ ಇದೆ. ಪರೀಕ್ಷೆಗೆ ಹೋದವರು, ನನ್ನನ್ನ ಯಾರ ಜೊತೆ ಹೋಲಿಸಿದಿರಿ ಡಾಕ್ಟ್ರೇ ಅಂತ ಕೇಳಿದರೆ ಅದು ಅಧಿಕಪ್ರಸಂಗ ಅಲ್ಲ.

ಇನ್ನು ಖಿನ್ನತೆಯ ಮಾತು. ಹ್ಯಾಲಿಫ್ಯಾಕ್ಸ್‌ನ ಫಲಿತಾಂಶ ಹೇಳಿದೆನಲ್ಲ, ಅದನ್ನ ಓದಿದವರು ಸಾಮಾನ್ಯವಾಗಿ ‘ಓ, ಹಾಗಾದರೆ ಇದೆಲ್ಲಾ ಬರೀ ಮನಸ್ಸಿಂದು’ ಅಂದುಬಿಡ್ತಾರೆ. ಬರೀ ಅನ್ನೋ ಆ ಪದವೇ ಇಲ್ಲಿ ಅಪರಾಧಿ. ಖಿನ್ನತೆ, ಆತಂಕ ಇದ್ದಾಗ ಗಮನ ಚದುರುತ್ತೆ. ಗಮನ ಕೊಡದೇ ಇದ್ದದ್ದು ನೆನಪಿಗೆ ಹೋಗೋದೇ ಇಲ್ಲ. ಜೊತೆಗೆ ಬೇಸರದಲ್ಲಿರುವ ಮನಸ್ಸು ತನ್ನ ಸೋಲುಗಳನ್ನೇ ಎಣಿಸುತ್ತೆ. ಮರೆತ ಹತ್ತು ನೆನಪಿರುತ್ತೆ, ಮರೆಯದ ತೊಂಬತ್ತು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಪ್ರಶ್ನಾವಳಿ ನೆನಪಿನ ಶಕ್ತಿಯನ್ನ ಮಾತ್ರ ಅಳೆಯಲ್ಲ, ಆ ಬದುಕಿನ ಭಾರವನ್ನ ಅಳೆಯುತ್ತೆ. ಆ ಭಾರ ಸುಳ್ಳಾ? ಖಿನ್ನತೆಯೂ ಆತಂಕವೂ 1999ರ ಅದೇ 19ರ ಪಟ್ಟಿಯಲ್ಲೇ ಇವೆ, ಮರೆಯಬೇಡಿ. ಖಿನ್ನತೆ ಅಂದ ಮಾತ್ರಕ್ಕೆ ಲೂಪಸ್‌ನಿಂದ ಹೊರಗೆ ಹೋದ ಹಾಗಾಗಲಿಲ್ಲ. ಎಷ್ಟೋ ಸಲ ಸಿಹಿ ಸುದ್ದಿ ಇರೋದೂ ಅಲ್ಲೇ. ಖಿನ್ನತೆಗೆ ಮದ್ದಿದೆ, ನಿದ್ದೆಗೆ ದಾರಿಯಿದೆ, ನೋವು ಕಡಿಮೆ ಮಾಡಬಹುದು.

ಮಿದುಳನ್ನ ಕಾಯಿಲೆ ನೇರವಾಗಿ ಮುಟ್ಟಬಹುದು ಅನ್ನೋದಕ್ಕೂ ಪುರಾವೆ ಇದೆ. 2001ರಲ್ಲಿ ಅಮೆರಿಕದ ಬೆಟ್ಟಿ ಡೈಮಂಡ್ ಅವರ ತಂಡ, ಲೂಪಸ್‌ನಲ್ಲಿ ಡಿಎನ್ಎ ವಿರುದ್ಧ ಹುಟ್ಟುವ ಕೆಲವು ಪ್ರತಿಕಾಯಗಳು ಮಿದುಳಿನ ನೆನಪಿನ ಕೆಲಸಕ್ಕೆ ಬೇಕಾದ ಎನ್ಎಂಡಿಎ ಅನ್ನೋ ಗ್ರಾಹಕಕ್ಕೂ ಅಂಟಿಕೊಳ್ಳುತ್ತವೆ ಅಂತ ತೋರಿಸಿತು. ಆಮೇಲೆ ಇಲಿಗಳ ಮೇಲೆ ನೋಡಿದರು. ಪ್ರತಿಕಾಯ ರಕ್ತದಲ್ಲಿ ಇದ್ದಷ್ಟು ಹೊತ್ತು ಇಲಿಗೆ ಏನೂ ಆಗಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆಯನ್ನ ಸೋಂಕಿನಂಥ ಪರಿಸ್ಥಿತಿ ಉಂಟುಮಾಡಿ ತೆರೆದ ಮೇಲೆ ನೆನಪು ಕೆಟ್ಟಿತು. ಹಾಗಾದರೆ ಆ ಗ್ರಾಹಕವನ್ನ ಕಾಪಾಡುವ ಮದ್ದು ಕೊಟ್ಟರಾಯ್ತಲ್ಲ? ಅಲ್ಝೈಮರ್‌ಗೆ ಕೊಡುವ ಮೆಮಾಂಟಿನ್ ಅಂಥದ್ದೇ. ಲೂಪಸ್ ರೋಗಿಗಳಿಗೆ ಕೊಟ್ಟು ನೋಡಿದರು, 2011ರಲ್ಲಿ ಫಲಿತಾಂಶ ಬಂತು. ಖಾಲಿ ಮಾತ್ರೆ ನುಂಗಿದವರಿಗಿಂತ ಹೆಚ್ಚಿನ ಲಾಭ ಆಗಲಿಲ್ಲ. ವಿಜ್ಞಾನ ನಮ್ಮ ಬುಲೆಟಿನ್ ಥರ ತೊಂಬತ್ತು ಸೆಕೆಂಡ್‌ಗೆ ಮುಗಿಯಲ್ಲ.

ನನ್ನನ್ನ ಹೆಚ್ಚು ಕಾಡಿದ್ದು ಮಿದುಳಿನ ಸ್ಕ್ಯಾನ್‌ಗಳು. ಕೆಲಸ ಮಾಡುತ್ತಿರುವ ಮಿದುಳನ್ನ ಎಫ್ಎಂಆರ್‌ಐ ಅನ್ನೋ ಸ್ಕ್ಯಾನ್‌ನಲ್ಲಿ ನೋಡಬಹುದು. ಲೂಪಸ್ ರೋಗಿಯೂ ಆರೋಗ್ಯವಂತರೂ ಒಂದೇ ಲೆಕ್ಕಕ್ಕೆ ಒಂದೇ ಉತ್ತರ ಕೊಡುವಾಗ, ರೋಗಿಯ ಮಿದುಳಿನ ಕೆಲವು ಭಾಗಗಳು ಹೆಚ್ಚು ದುಡಿಯುತ್ತಿದ್ದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅಂಕ ಒಂದೇ, ಖರ್ಚು ಬೇರೆ. ಎರಡು ಬಸ್ಸೂ ಮೈಸೂರಿಗೆ ಒಂದೇ ಟೈಮಿಗೆ ತಲುಪಿದವು, ಒಂದು ಮಾತ್ರ ಡಬಲ್ ಡೀಸೆಲ್ ಕುಡಿಯಿತು ಅಂದರೆ, ಟೈಮ್ ಬರೆದುಕೊಳ್ಳುವವನ ಪುಸ್ತಕದಲ್ಲಿ ಎರಡೂ ಸಮ. ಪರೀಕ್ಷೆ ಮುಗಿಸಿ ಬಂದವರು ಆ ದಿನ ಪೂರ್ತಿ ಮಲಗಿಬಿಟ್ಟರೆ ಅದು ಯಾವ ರಿಪೋರ್ಟ್‌ನಲ್ಲೂ ಬರಲ್ಲ.

ಹಾಗಂತ ಪರೀಕ್ಷೆಯೇ ಬೇಡ ಅಂತ ನಾನು ಹೇಳ್ತಿಲ್ಲ. ರೋಗಿಯ ಮಾತೊಂದನ್ನೇ ಹಿಡಿದರೆ, ನಿದ್ದೆಗೆಟ್ಟ ಮಂಪರಿಗೆ ಮಿದುಳಿಗೇ ಕಾಯಿಲೆ ಹತ್ತಿದೆ ಅಂತ ಭಾರೀ ಔಷಧ ಕೊಡುವ ಅಪಾಯ ಇದೆ. ಇವತ್ತಿನ ನಾರ್ಮಲ್ ಕೂಡ ಮುಂದಿನ ವರ್ಷಕ್ಕೆ ಬೇಕು. ಆಗ ಮತ್ತೆ ಅಳೆದರೆ ಊರಿನ ಸರಾಸರಿ ಜೊತೆ ಹೋಲಿಸಬೇಕಿಲ್ಲ, ಅವರದೇ ಹಳೇ ಅಂಕದ ಜೊತೆ ಹೋಲಿಸಬಹುದು. ಇನ್ನೊಂದನ್ನ ಸ್ಪಷ್ಟವಾಗಿ ಹೇಳಿಬಿಡ್ತೀನಿ. ನಾನು ಇಷ್ಟೊತ್ತು ಹೇಳಿದ್ದು ನಿಧಾನಕ್ಕೆ ಕವಿಯುವ ಮಂಜಿನ ಬಗ್ಗೆ. ಲೂಪಸ್ ಇರುವವರಿಗೆ ಇದ್ದಕ್ಕಿದ್ದ ಹಾಗೆ ಎಲ್ಲಿದ್ದೀನಿ ಅಂತ ಗೊತ್ತಾಗದೆ ಹೋದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಪಕ್ಕದ ಕೈಕಾಲು ಸೋತರೆ ಪ್ರಶ್ನಾವಳಿ, ಪರೀಕ್ಷೆ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಓಡಿ.

ನಿನ್ನೆ ಆ ಹೆಣ್ಣುಮಗಳಿಗೆ ನಾನೇ ಫೋನ್ ಮಾಡಿದ್ದೆ. ಮತ್ತೆ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ. ಈ ಸಲ ರಿಪೋರ್ಟ್ ಜೊತೆ ಎರಡು ವಾರದ ಒಂದು ಪಟ್ಟಿಯನ್ನೂ ಬರೆದುಕೊಂಡು ಹೋಗಿದ್ದರಂತೆ. ಯಾವ ಹೊತ್ತಿಗೆ ಏನು ಮರೆತೆ, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದೆ, ನೋವು ಎಷ್ಟಿತ್ತು ಅಂತ. ಪಟ್ಟಿ ನೋಡಿ ಡಾಕ್ಟರು ಮೊದಲು ಕೇಳಿದ್ದು ಸ್ಟೀರಾಯ್ಡ್ ಮಾತ್ರೆ ಯಾವಾಗ ನುಂಗ್ತೀರಿ ಅಂತ. ಇವರು ರಾತ್ರಿ ಊಟ ಆದ ಮೇಲೆ ನುಂಗ್ತಿದ್ದರು. ಆ ಮಾತ್ರೆಗೆ ನಿದ್ದೆ ಕೆಡಿಸೋ ಗುಣ ಇದೆ. ಅದನ್ನ ಬೆಳಗ್ಗೆಗೆ ಬದಲಾಯಿಸಿಕೊಟ್ಟಿದ್ದಾರೆ. ಮನೋವೈದ್ಯರ ಹತ್ತಿರವೂ ಹೋಗಲು ಬರೆದುಕೊಟ್ಟಿದ್ದಾರೆ. ನೋಟು ಈಗಲೂ ಎರಡು ಸಲ ಎಣಿಸ್ತಾರಂತೆ. ‘ಮೂರಲ್ಲ ಮೇಡಂ, ಎರಡು’ ಅಂದರು. ಇಷ್ಟು ಬೇಗ ಏನನ್ನೂ ಹೇಳೋಕೆ ಆಗಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ನಕ್ಕೆವು. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಬರಬೇಕಂತೆ. ‘ನಾನು ಮರೆತರೆ ನೀವೇ ನೆನಪಿಸಬೇಕು’ ಅಂತಾನೂ ಹೇಳಿದ್ದಾರೆ.

ಇವತ್ತು ಈ ಹೊತ್ತಿಗೆ ಅವರ ಅತ್ತೆ ಟಿವಿ ಮುಂದೆ ಕೂತಿರ್ತಾರೆ ಅಂತ ಹೇಳಿದರು. ಅಮ್ಮಾ, ನಮಸ್ಕಾರ. ಮೇ 10ರ ಬೆಳಿಗ್ಗೆ ನಾನು ಓದಿದ ಕೊನೆಯ ಸಾಲು ತಪ್ಪು, ಅದನ್ನ ಬರೆದದ್ದೂ ನಾನೇ. ನಿಮ್ಮ ಸೊಸೆ ಹೇಳಿದ್ದು ನಾಟಕ ಅಲ್ಲ.